ಆಟಿಸಂ ‘ಸ್ಕ್ರೀನಿಂಗ್’: ತಪಾಸಣೆಯೋ, ಪತ್ತೆಯೋ?

ಮಾನ್ಯರೇ,

ಶಿಶುಪಾಲನಾ ಕೇಂದ್ರಗಳ ಕಾರ್ಯಕರ್ತೆಯರಿಗಾಗಿ, ಎಳೆಯ ಮಕ್ಕಳಲ್ಲಿ ಆಟಿಸಂನ ಲಕ್ಷಣಗಳನ್ನು ಬೇಗ ಗಮನಿಸುವ ಬಗ್ಗೆ ಕನ್ನಡದಲ್ಲಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ಸ್ಕ್ರೀನಿಂಗ್’ಗೆ, ಅಂದರೆ ಯಾವ ಮಗುವನ್ನು ತಜ್ಞರಿಗೆ ತೋರಿಸಬೇಕೆಂದು ಮೊದಲು ಗುರುತಿಸುವುದಕ್ಕೆ, ಯಾವ ಪದ ಸೂಕ್ತವೆಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ‘ಸ್ವಲೀನತೆ’ ಪದದ ಬಗ್ಗೆ ನನ್ನ ತಕರಾರಿಲ್ಲ; ಆದರೆ ಹೆತ್ತವರು ವೈದ್ಯರಿಂದ ಕೇಳುವುದು ‘ಆಟಿಸಂ’ ಎಂದೇ ಆದ್ದರಿಂದ ಅದನ್ನೇ ಉಳಿಸಿಕೊಂಡಿದ್ದೇನೆ.

ಇಂಥ ಸ್ಕ್ರೀನಿಂಗ್‌ಗೆ ಬಳಸುವ ಪರಿಷ್ಕೃತ ಎಂ-ಚಾಟ್ ಪ್ರಶ್ನಾವಳಿಯನ್ನೇ ನೋಡಿ. 16ರಿಂದ 30 ತಿಂಗಳ ಮಕ್ಕಳ ಹೆತ್ತವರು ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಾದ 20 ಪ್ರಶ್ನೆಗಳು ಅದರಲ್ಲಿವೆ. ಆಟಿಸಂನ ಸಾಧ್ಯತೆ ಸೂಚಿಸುವ ಪ್ರತಿ ಉತ್ತರಕ್ಕೂ ಒಂದು ಅಂಕ. ಒಟ್ಟು ಅಂಕ 3ರಿಂದ 7ರೊಳಗಿದ್ದರೆ ಅವೇ ಉತ್ತರಗಳನ್ನು ಮತ್ತೆ ಬಿಡಿಸಿ ಕೇಳುತ್ತಾರೆ. 8 ಅಥವಾ ಹೆಚ್ಚಾದರೆ ನೇರವಾಗಿ ತಜ್ಞರ ಬಳಿಗೆ ಕಳುಹಿಸುತ್ತಾರೆ. ಹಾಗೆ ಕಳುಹಿಸಿದ ಮಕ್ಕಳಲ್ಲಿ ಹಲವರಿಗೆ ಆಟಿಸಂ ಇರದೆ, ಮಾತು ತಡವಾಗಿರುವುದೋ ಬೆಳವಣಿಗೆಯ ಇನ್ನೊಂದು ತೊಂದರೆಯೋ ಇರಬಹುದು. ಹೀಗಿರುವಾಗ ‘ಆಟಿಸಂ ಪತ್ತೆ’ ಎಂದು ಬರೆದರೆ, ತಜ್ಞರು ನೋಡುವ ಮೊದಲೇ ತೀರ್ಮಾನ ಕೊಟ್ಟಂತಾಗುತ್ತದೆ. ‘ಪರೀಕ್ಷೆ’ ಎಂದರೆ ಮಗು ಪಾಸೋ ಫೇಲೋ ಎಂಬ ಆತಂಕ ಹುಟ್ಟುತ್ತದೆ. ‘ತಪಾಸಣೆ’ ವಾಸಿ, ಆದರೆ ವೈದ್ಯರು ಮಾಡುವುದಕ್ಕೂ ಅದೇ ಪದವಿದೆ. ಫಲಿತಾಂಶದ ‘ಪಾಸಿಟಿವ್’ ಅನ್ನು ‘ಸಕಾರಾತ್ಮಕ’ ಎಂದು ಅನುವಾದಿಸುವುದಂತೂ ಅಪಾಯಕಾರಿ: ಹೆತ್ತವರು ಅದನ್ನು ಶುಭಸುದ್ದಿಯೆಂದೇ ಓದಿ ಸುಮ್ಮನಾಗಬಹುದು. ಆ ಜಾಗದಲ್ಲಿ ‘ತಜ್ಞರಿಗೆ ತೋರಿಸುವುದು ಅಗತ್ಯ’ ಎಂದು ಬಿಡಿಸಿ ಬರೆಯುವುದೇ ಸರಿಯೆಂದು ನನ್ನ ಅಭಿಪ್ರಾಯ.

ಹೆಚ್ಚು ಯೋಚನೆಗೆ ಹಚ್ಚಿರುವುದು ಬೆರಳು ತೋರಿಸುವ ಪ್ರಶ್ನೆ. ಎಟುಕದ ಆಟಿಕೆ ಬೇಕೆಂದು ಮಗು ಅದರತ್ತ ಬೆರಳು ತೋರುವುದು ಒಂದು. ಹಾರುವ ವಿಮಾನದತ್ತ ಬೆರಳು ಮಾಡಿ, ‘ನೀನೂ ನೋಡು’ ಎಂಬಂತೆ ನಮ್ಮ ಮುಖದತ್ತ ತಿರುಗುವುದು ಇನ್ನೊಂದು. ಆಟಿಸಂ ಇರುವ ಎಳೆಯ ಮಕ್ಕಳಲ್ಲಿ ಈ ಎರಡನೆಯದು ವಿಶೇಷವಾಗಿ ಕಡಿಮೆ ಇರುತ್ತದೆ. ‘ಮಗು ಬೆರಳು ತೋರಿಸುತ್ತದೆಯೇ?’ ಎಂದಷ್ಟೇ ಕೇಳಿದರೆ, ಮೊದಲನೆಯದನ್ನು ಕಂಡವರೂ ‘ಹೌದು’ ಎಂದುಬಿಡುತ್ತಾರೆ. ಆದ್ದರಿಂದ ‘ಬೇಕೆಂದು ತೋರುವುದು’, ‘ನೋಡೆಂದು ತೋರುವುದು’ ಎಂದು ಎರಡಾಗಿ ಒಡೆದಿದ್ದೇನೆ. ದಿನವಿಡೀ ಸಮವಯಸ್ಕರ ನಡುವೆ ಮಗುವನ್ನು ಕಾಣುವ ಕಾರ್ಯಕರ್ತೆ ಈ ವ್ಯತ್ಯಾಸವನ್ನು ಮನೆಯವರಿಗಿಂತ ಮೊದಲೇ ಗಮನಿಸಬಲ್ಲಳು. ಕೇಳುವ ಮಾತು ಸ್ಪಷ್ಟವಾಗಿರಬೇಕಷ್ಟೆ.

ಸದ್ಯಕ್ಕೆ ‘ಸ್ಕ್ರೀನಿಂಗ್’ಗೆ ‘ಮೊದಲ ಹಂತದ ಪರಿಶೀಲನೆ’ ಎಂದೂ, ತಜ್ಞರು ಮಾಡುವುದಕ್ಕೆ ‘ನಿರ್ಣಯ’ ಎಂದೂ ಇಟ್ಟುಕೊಂಡಿದ್ದೇನೆ. ಆಟಿಸಂ ಅನ್ನು ರೋಗವೆಂದು ಕರೆಯಲು ಮನಸ್ಸೊಪ್ಪದ ಕಾರಣ ‘ರೋಗನಿರ್ಣಯ’ವನ್ನು ಬೇಕೆಂದೇ ಬಿಟ್ಟಿದ್ದೇನೆ. ‘ಮೊದಲ ಹಂತದ ಪರಿಶೀಲನೆ’ಗಿಂತ ಚಿಕ್ಕದಾದ, ಆದರೆ ಹೆತ್ತವರನ್ನು ಬೆದರಿಸದ ಪದ ಬಳಕೆಯಲ್ಲಿದೆಯೇ? ಮಕ್ಕಳೊಂದಿಗೆ ಕೆಲಸ ಮಾಡುವವರು ತಾವು ಹೆತ್ತವರೊಡನೆ ಆಡುವ ಮಾತನ್ನೇ ತಿಳಿಸಿದರೆ ಉಪಕಾರವಾಗುತ್ತದೆ.