ಸಹಾಯ ಬೇಕು: ರಕ್ತದ ಹೊಲವನ್ನು ಕೊಂಡವರು ಯಾರು?

ಬೈಬಲನ್ನು ಆಳವಾಗಿ ಓದಿದವರಲ್ಲಿ ಒಂದು ವಿನಂತಿ. ಮತ್ತಾಯ 27ರ ಪ್ರಕಾರ ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನು ಅದಕ್ಕಾಗಿ ಪಡೆದ ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿ, ಹೋಗಿ ನೇಣು ಹಾಕಿಕೊಂಡನು. ಅದು ರಕ್ತದ ಹಣವೆಂದು ಕಾಣಿಕೆಗೆ ಸೇರಿಸಲು ಹಿಂಜರಿದ ಮುಖ್ಯಯಾಜಕರು, ಪರದೇಶದವರನ್ನು ಹೂಳುವುದಕ್ಕಾಗಿ ಅದರಿಂದ ಕುಂಬಾರನ ಹೊಲವನ್ನು ಕೊಂಡರು. ಅಪೊಸ್ತಲರ ಕೃತ್ಯಗಳು 1:18ರಲ್ಲಾದರೋ ಯೂದನೇ ಹೊಲವನ್ನು ಕೊಂಡು, ತಲೆಕೆಳಗಾಗಿ ಬಿದ್ದು, ಹೊಟ್ಟೆಯೊಡೆದು ಸತ್ತನೆಂದಿದೆ.

ಹಗ್ಗ ಹರಿದು ದೇಹ ಬಿದ್ದಿರಬೇಕೆಂಬ ಹಳೆಯ ಸಮಾಧಾನವನ್ನು ವ್ಯಾಖ್ಯಾನಗಳಲ್ಲಿ ಓದಿದ್ದೇನೆ. ಹಗ್ಗ ಹರಿದ ಮಾತು ಎರಡೂ ಕಡೆ ಇಲ್ಲದಿದ್ದರೂ ಸಾವಿನ ಮಟ್ಟಿಗೆ ಅದನ್ನು ಹೇಗೋ ಒಪ್ಪಬಹುದು. ಹಣ ಅವನದಾದ್ದರಿಂದ ಅವನೇ ಕೊಂಡಂತಾಯಿತು ಎಂಬ ವಾದವೂ ಗೊತ್ತು. ನಾನು ಸಿಕ್ಕಿಕೊಂಡಿರುವುದು ಆ ಹೊಲಕ್ಕೆ ಬಂದ ‘ರಕ್ತದ ಹೊಲ’ ಎಂಬ ಹೆಸರಿನಲ್ಲಿ: ಮತ್ತಾಯನು ಅದಕ್ಕೆ ರಕ್ತದ ಹಣವನ್ನು ಕಾರಣವಾಗಿ ಕೊಟ್ಟರೆ, ಕೃತ್ಯಗಳು ಯೂದನ ಭೀಕರ ಸಾವನ್ನು ಕೊಡುತ್ತದೆ.

ಈ ಎರಡು ಕಾರಣಗಳನ್ನು ಪಠ್ಯಕ್ಕೆ ಏನನ್ನೂ ಸೇರಿಸದೆ ಹೊಂದಿಸಲು ಸಾಧ್ಯವೇ, ಅಥವಾ ಇವು ಒಂದೇ ಸ್ಥಳದ ಬಗ್ಗೆ ಬೇರೆಬೇರೆಯಾಗಿ ಉಳಿದುಬಂದ ಎರಡು ಪರಂಪರೆಗಳೆಂದು ಒಪ್ಪುವುದೇ ಸರಿಯೇ?