ಬೇರೆ ದೇಶದವರ ಜೊತೆ ಗುಂಪಿನ ಪ್ರಾಜೆಕ್ಟ್: ಹೊರಗೆ ಓದಿದವರು ಅನುಭವ ಹೇಳಿ

ಪ್ರಶ್ನೆ, ಹಾಸನದಿಂದ:
ನನ್ನ ತಂಗಿ ಬಿಇ ಮುಗಿಸಿ ಜರ್ಮನಿಯಲ್ಲಿ ಮಾಸ್ಟರ್ಸ್ ಸೇರಿದ್ದಾಳೆ. ಪ್ರಾಜೆಕ್ಟ್ ಗುಂಪಿನಲ್ಲಿ ಇಬ್ಬರು ಜರ್ಮನ್ ಹುಡುಗರು, ಚೀನಾದ ಹುಡುಗಿ ಒಬ್ಬಳು, ಇರಾನಿನ ಹುಡುಗ ಒಬ್ಬ. ಇವಳು ಬರೆದ ಭಾಗ ನೋಡಿ ಒಬ್ಬ ಜರ್ಮನ್ ಹುಡುಗ ಎಲ್ಲರ ಮುಂದೆ "ಇದು ಸರಿಯಿಲ್ಲ, ಮತ್ತೆ ಬರೆಯಬೇಕು" ಅಂದನಂತೆ. ಅವತ್ತಿನಿಂದ ಮೀಟಿಂಗ್‌ನಲ್ಲಿ ಬಾಯಿ ಬಿಡ್ತಿಲ್ಲ. ಏನು ಹೇಳಿ ಧೈರ್ಯ ತುಂಬಲಿ?

ಉತ್ತರ, ಕಾರ್ಲ್ಸ್‌ರೂಹೆಯಲ್ಲಿ ಓದಿ ಅಲ್ಲೇ ಕೆಲಸದಲ್ಲಿರುವ ಶಿವಮೊಗ್ಗದವರು:
ಸರ್, ಆ ಹುಡುಗನಿಗೆ ನಿಮ್ಮ ತಂಗಿ ಮೇಲೆ ಸಿಟ್ಟಿರುವ ಸಾಧ್ಯತೆ ಬಹಳ ಕಡಿಮೆ. ಇದನ್ನು ಮೊದಲು ಹೇಳಿ. ನಮ್ಮ ಗುಂಪಿನ ಇಬ್ಬರು ಜರ್ಮನ್ನರು ಒಂದು ಗ್ರಾಫ್‌ಗೋಸ್ಕರ ಜೋರಾಗಿ ವಾದ ಮಾಡಿ, ಅದು ಮುಗಿದ ಕೂಡಲೇ ಒಟ್ಟಿಗೆ ಕ್ಯಾಂಟೀನಿಗೆ ಊಟಕ್ಕೆ ಹೋದರು. ಕೆಲಸದಲ್ಲಿ ತಪ್ಪು ಕಂಡರೆ ನೇರವಾಗಿ ಹೇಳುವುದೇ ಅವರಿಗೆ ಮರ್ಯಾದೆ. ಹೇಳದೆ ಬಿಟ್ಟು ಆಮೇಲೆ ಮಾರ್ಕ್ಸ್ ಹೋದರೆ ಅದು ಮೋಸ ಅನ್ನಿಸುತ್ತೆ.

ನಾವು ಬೆಳೆದು ಬಂದ ರೀತಿಯೇ ಬೇರೆ. ಎಚ್‌ಒಡಿ ಎದುರು "ಅದು ಹಾಗಲ್ಲ ಸರ್" ಅನ್ನುವ ವಿದ್ಯಾರ್ಥಿ ಎಷ್ಟು ಜನ ಸಿಗ್ತಾರೆ? ಇಷ್ಟವಿಲ್ಲದಿದ್ದರೆ "ನೋಡೋಣ", "ಟ್ರೈ ಮಾಡ್ತೀನಿ" ಅಂತೀವಿ. ಊರಲ್ಲಾದರೆ ಎದುರಿಗಿರುವವರು ನಮ್ಮ ಮುಖ ನೋಡಿಯೇ ಅರ್ಥ ಮಾಡ್ಕೋತಾರೆ. ಅಲ್ಲಿ "ಗುರುವಾರಕ್ಕೆ ಟ್ರೈ ಮಾಡ್ತೀನಿ" ಅಂದರೆ ಗುರುವಾರ ಫೈಲ್ ಬರುತ್ತೆ ಅಂತಲೇ ಬರೆದುಕೊಳ್ಳುತ್ತಾರೆ. ಬರದಿದ್ದರೆ ನಂಬಿಕೆ ಹೋಗುತ್ತೆ, ಅದನ್ನು ಮತ್ತೆ ಗಳಿಸುವುದು ಕಷ್ಟ. ಅದರ ಬದಲು ಸೋಮವಾರವೇ "ಗುರುವಾರ ಆಗಲ್ಲ, ಶನಿವಾರ ಕೊಡ್ತೀನಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ತಲೆ ಅಲ್ಲಾಡಿಸುವುದೂ ಅಷ್ಟೆ. ನಾವು ಅಡ್ಡಕ್ಕೆ ಆಡಿಸಿದರೆ ಅವರಿಗೆ ಒಪ್ಪಿಗೆಯೋ ಇಲ್ಲವೋ ತಿಳಿಯಲ್ಲ. ಬಾಯಿಬಿಟ್ಟು ಹೇಳಬೇಕು.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಇದನ್ನೇ ವಿವರಿಸಿದ್ದರು. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಆಡಿದ ಮಾತಿನಲ್ಲೇ ಇರುತ್ತೆ, ಕೆಲವು ಕಡೆ ಅದರ ಬಹುಪಾಲು ಸಂದರ್ಭ, ಸಂಬಂಧ, ಮೌನದಲ್ಲಿ ಇರುತ್ತೆ. ಡಚ್ ಸಂಶೋಧಕ ಹೀರ್ಟ್ ಹಾಫ್‌ಸ್ಟೆಡ್ ಮೇಲಿನವರ ಅಧಿಕಾರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಅನ್ನುವುದಕ್ಕೆ ಅಂಕ ಕೊಟ್ಟರು: ಭಾರತಕ್ಕೆ 77, ಜರ್ಮನಿಗೆ 35. ಓದಿದರೆ ನಮ್ಮ ಹಿಂಜರಿಕೆಯ ಮೂಲ ಸ್ವಲ್ಪ ಗೊತ್ತಾಗುತ್ತೆ. ಆದರೆ ಆ ಅಂಕಗಳು ಹುಟ್ಟಿದ್ದು 1967ರಿಂದ 1973ರ ನಡುವೆ ಐಬಿಎಂ ನೌಕರರ ಮೇಲೆ ಮಾಡಿದ ಸಮೀಕ್ಷೆಯಿಂದ. ಪಕ್ಕದಲ್ಲಿ ಕೂತ ಒಬ್ಬ ಹುಡುಗನನ್ನು ಅದರಿಂದ ಅಳೆಯಬಾರದು. ನನಗೆ ಬಹಳ ನಾಚಿಕೆಯ ಜರ್ಮನ್ನರೂ ಸಿಕ್ಕಿದ್ದಾರೆ.

ಉತ್ತರ, ಡ್ರೆಸ್ಡನ್‌ನಲ್ಲಿ ಓದಿದ ಧಾರವಾಡದವರು:
ಚೀನಾದ ಹುಡುಗಿ ಬಗ್ಗೆ ಯಾರೂ ಹೇಳಲಿಲ್ಲ, ನಾ ಹೇಳ್ತೀನ್ರಿ. ಆಕಿನೂ ಮೀಟಿಂಗ್‌ನಾಗ ಸುಮ್ಮನ ಕೂತಿರಬಹುದು, ಆದ್ರ ನಿಮ್ಮ ತಂಗಿ ಸುಮ್ಮನಿರೋ ಕಾರಣ ಬ್ಯಾರೆ, ಆಕಿ ಕಾರಣ ಬ್ಯಾರೆ ಇರಬಹುದು. ನಮ್ಮ ಗುಂಪಿನ ಚೀನಾದ ಗೆಳತಿ ಪೂರ್ತಿ ಯೋಚನೆ ಮಾಡದ ಮಾತಾಡ್ತಿರಲಿಲ್ಲ. ಯಾರದರ ತಪ್ಪು ಕಂಡ್ರ ಎಲ್ಲಾರ ಮುಂದ ಅಂತಿರಲಿಲ್ಲ, ರಾತ್ರಿ ಅವರಿಗಷ್ಟ ಮೆಸೇಜ್ ಹಾಕ್ತಿದ್ಲು. ಅವರ ಮರ್ಯಾದಿ ಉಳೀಲಿ ಅಂತ. ಜರ್ಮನ್ ಹುಡುಗ್ರಿಗೆ ಇದು ತಿಳೀಲಿಲ್ಲ, "ಈಕಿಗೆ ಆಸಕ್ತಿ ಇಲ್ಲ" ಅಂತ ತಿಳ್ಕೊಂಡ್ರು. ಆಮ್ಯಾಲೆ ಮೀಟಿಂಗ್‌ಕಿಂತ ಮೊದಲ ಎಲ್ಲಾರೂ ತಮ್ಮ ಅಭಿಪ್ರಾಯ ಒಂದ ಡಾಕ್ಯುಮೆಂಟ್‌ನಾಗ ಬರದಿಡೋದು ಅಂತ ಮಾಡಿದ್ವಿ. ಭಾಳ ಚಂದ ಬರದ್ಲು, ಗುಂಪಿನಾಗ ಎಲ್ಲಾರಕಿಂತ ಚಂದ!

ಇರಾನಿನವರ ಉಪಚಾರ ನಮ್ಮ ಮಂದಿ ಉಪಚಾರದಂಗ ಐತ್ರಿ. ಚಹಾ ಬೇಕೇನು ಅಂದ್ರ ಬ್ಯಾಡ ಬ್ಯಾಡ ಅಂತಾರ, ಮತ್ತ ಕೇಳಬೇಕು. ಜರ್ಮನ್ನರು ಒಂದ ಸಲ ಕೇಳ್ತಾರ, ಬ್ಯಾಡ ಅಂದ್ರ ಮುಗೀತು. ನಿಮ್ಮ ತಂಗಿಗೆ ಹಸಿವಾಗಿದ್ರ ಮೊದಲನೇ ಸಲಾನ ಹೂಂ ಅನ್ನಾಕ ಹೇಳ್ರಿ.

ಉತ್ತರ, ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಓದುತ್ತಿರುವ ಮೈಸೂರಿನವರು:
ಯುರೋಪ್ ಅಂದ ಮಾತ್ರಕ್ಕೆ ಎಲ್ಲ ಕಡೆ ಒಂದೇ ಪದ್ಧತಿ ಇರಲ್ಲ. ಇಲ್ಲಿ ಪ್ರೊಫೆಸರನ್ನೂ ಹೆಸರು ಹಿಡಿದೇ ಕರೀತಾರೆ. ಜರ್ಮನಿಯಲ್ಲಿ ಅವರಾಗಿ ಹೇಳುವವರೆಗೆ ಪ್ರೊಫೆಸರ್ ಅಂತ ಸೇರಿಸಿ ಸರ್‌ನೇಮ್ ಬರೆಯುವುದೇ ಸರಿ.

ಇನ್ನೊಂದು ಮಾತು, ಇದು ನಮ್ಮವರಿಗೇ. 2023-24ರಲ್ಲಿ ಜರ್ಮನಿಯ ಭಾರತೀಯ ವಿದ್ಯಾರ್ಥಿಗಳು ಸುಮಾರು 49 ಸಾವಿರ, ಹೊರದೇಶದವರಲ್ಲಿ ನಾವೇ ಹೆಚ್ಚು. ಹಾಗಾಗಿ ನಮ್ಮವರು ಸುಲಭವಾಗಿ ಸಿಗ್ತಾರೆ. ಗುಂಪಿನಲ್ಲಿ ಇಬ್ಬರು ಭಾರತೀಯರಿದ್ದರೆ ಮಾತು ತಾನಾಗಿಯೇ ಹಿಂದಿಗೋ ಕನ್ನಡಕ್ಕೋ ಹೊರಳುತ್ತೆ, ಉಳಿದವರು ಫೋನ್ ನೋಡ್ತಾ ಕೂರ್ತಾರೆ. ಬೆಂಗಳೂರಿನ ಆಫೀಸುಗಳಲ್ಲಿ ಹೀಗೆ ಹೊರಗುಳಿಯುವುದು ಏನು ಅಂತ ಅನುಭವಿಸಿದ ಕನ್ನಡಿಗರು ನಾವು. ಬೇರೆಯವರಿಗೆ ಹಾಗೆ ಮಾಡಬಾರದು.

ಹಾಸನದವರು:
ಎಲ್ಲರಿಗೂ ಧನ್ಯವಾದ. ತಂಗಿಗೆ ಓದಿ ಹೇಳಿದೆ. ಪ್ರೊಫೆಸರಿಗೆ ದೂರು ಕೊಡಲಾ ಅಂತ ಕೇಳ್ತಿದ್ದಾಳೆ.

ಶಿವಮೊಗ್ಗದವರು:
ಈಗಲೇ ಬೇಡ ಸರ್. ಮೊದಲು ಆ ಹುಡುಗನಿಗೇ ಹೇಳಲಿ: "ಯಾವ ಪ್ಯಾರಾ ಸರಿಯಿಲ್ಲ, ಏಕೆ ಅಂತ ತೋರಿಸು. ಎರಡನೇ ಭಾಗ ಸರಿಯಿದೆ ಅಂತ ನನ್ನ ಅಭಿಪ್ರಾಯ, ಕಾರಣ ಇದು." ಅಷ್ಟು ನೇರವಾಗಿ ಮಾತಾಡಿದರೆ ಅವನಿಗೆ ಖುಷಿಯೇ ಆಗುತ್ತೆ. ಎಲ್ಲರ ಮುಂದೆ ಹೇಳಿದ್ದು ನೋವಾಯಿತು ಅನ್ನುವುದನ್ನೂ ಹೇಳಲಿ. ಸುಮ್ಮನಿದ್ದರೆ ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಹೀಗೆ ಹೇಳಿದ ಮೇಲೂ ಅವಮಾನ ಮಾಡಿದರೆ, ಅಥವಾ ಅವಳ ದೇಶ, ಬಣ್ಣ ಎತ್ತಿ ಮಾತಾಡಿದರೆ, ಅದು ಸಂಸ್ಕೃತಿಯ ವ್ಯತ್ಯಾಸ ಅಲ್ಲ. ಅದಕ್ಕೆ ಪ್ರೊಫೆಸರ್ ಹತ್ತಿರವೂ, ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೂ ಧಾರಾಳವಾಗಿ ಹೋಗಲಿ.