ಕನ್ನಡ ಕಾರ್ಡು, ಅಂಗಡಿ ಬೋರ್ಡು, ಇನ್‌ಸ್ಟಾಗ್ರಾಂ ಪೋಸ್ಟು: ಯಾವ ಡಿಸೈನ್ ಸಾಫ್ಟ್‌ವೇರ್ ಕಲಿಯಲಿ?

ಚುಕ್ಕಿರಂಗೋಲಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನಿರೋದು ಹೊಸಕೆರೆಹಳ್ಳಿಯಲ್ಲಿ. ಒಂಬತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ, ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಈಗ ಎರಡು ವರ್ಷದಿಂದ ಮನೆಯಲ್ಲೇ ಡಿಸೈನ್ ಮಾಡ್ತಿದೀನಿ. ನಾಮಕರಣ, ಗೃಹಪ್ರವೇಶ, ಮದುವೆ ಕಾರ್ಡು, ಜೊತೆಗೆ ನಮ್ಮ ರಸ್ತೆಯ ಎರಡು ಅಂಗಡಿಗಳ ಇನ್‌ಸ್ಟಾಗ್ರಾಂ ಪೋಸ್ಟು. ಇಷ್ಟು ದಿನ ಎಲ್ಲವೂ ಫೋನಿನಲ್ಲೇ.

ಹೋದ ತಿಂಗಳು ದೊಡ್ಡ ಏಟು ಬಿತ್ತು. 300 ಗೃಹಪ್ರವೇಶದ ಕಾರ್ಡು. ಫೋನಿನಲ್ಲಿ ನೋಡುವಾಗ ಲಕ್ಷಣವಾಗೇ ಇತ್ತು. ಅಚ್ಚಾಗಿ ಬಂದಾಗ 'ಲಕ್ಷ್ಮೀ' ಪದದ ಮ-ಒತ್ತು ಅರ್ಧಕ್ಕೇ ಕತ್ತರಿಸಿಹೋಗಿದೆ. ಗಿಣಿಹಸಿರು ಅಂತ ಹಾಕಿದ್ದ ಮಾವಿನ ತೋರಣ ಬಾಡಿದ ಸೊಪ್ಪಿನ ಬಣ್ಣಕ್ಕೆ ತಿರುಗಿದೆ. ಮನೆಯ ಹಿರಿಯಮ್ಮ ಕಾರ್ಡನ್ನ ಕಣ್ಣಿನ ಹತ್ತಿರ ಹಿಡಿದು, "ದೇವರ ಹೆಸರೇ ಮುರಿದಿದೆಯಲ್ಲಮ್ಮಾ" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ನನ್ನ ಕೈಯಿಂದಲೇ ದುಡ್ಡು ಹಾಕಿ ಮತ್ತೆ ಅಚ್ಚು ಹಾಕಿಸಿಕೊಟ್ಟೆ.

ಈಗ 8 ಜಿಬಿ ರ‍್ಯಾಮ್ ಇರೋ ವಿಂಡೋಸ್ ಲ್ಯಾಪ್‌ಟಾಪ್ ತಗೊಂಡಿದೀನಿ. ಸರಿಯಾಗಿ ಕಲಿತೇ ಮುಂದಕ್ಕೆ ಹೋಗಬೇಕು ಅಂತ. ಆದರೆ ಕೇಳಿದ ಕಡೆಯೆಲ್ಲ ಒಂದೊಂದು ಉತ್ತರ. ಐಟಿಯಲ್ಲಿರೋ ತಮ್ಮ ಫಿಗ್ಮಾ ಅಂತಾನೆ. ಗೆಳತಿ ಕ್ಯಾನ್ವಾ ಸಾಕು ಅಂತಾಳೆ. ಪ್ರೆಸ್ಸಿನವರು ಕೋರೆಲ್ ಫೈಲ್ ತನ್ನಿ ಅಂತಾರೆ. ಯೂಟ್ಯೂಬ್ ತೆರೆದರೆ ಇಲ್ಲಸ್ಟ್ರೇಟರ್. ಮುಂದಿನ ತಿಂಗಳು ಒಂದು ಅಯ್ಯಂಗಾರ್ ಬೇಕರಿಯ ಬೋರ್ಡ್ ಕೆಲಸವೂ ಬಂದಿದೆ. ಸದ್ಯಕ್ಕೆ ಒಂದನ್ನೇ ಹಿಡಿಯೋದಾದರೆ ಯಾವುದನ್ನ ಹಿಡೀಲಿ?

ಸುಲ್ತಾನ್‌ಪೇಟೆ ಡಿಟಿಪಿ:

ಮೇಡಂ, 2001ರಿಂದ ಸುಲ್ತಾನ್‌ಪೇಟೆಯಲ್ಲಿ ಡಿಟಿಪಿ ಮಾಡ್ಕೊಂಡು ಬಂದವನು ನಾನು. ಕಾರ್ಡು, ಬಿಲ್ ಬುಕ್ಕು, ಈಗೀಗ ಬೋರ್ಡು. ನಿಮ್ಮ ಕಾರ್ಡಿನ ಕಥೆ ಓದಿ ಹೊಟ್ಟೆಯಲ್ಲಿ ಒಂಥರಾ ಆಯ್ತು. ದುಡ್ಡು ಹೋದ್ರೂ ಮತ್ತೆ ಮಾಡಿಕೊಟ್ಟಿರಲ್ಲ, ಆ ಗಿರಾಕಿ ನಿಮ್ಮನ್ನ ಬಿಡಲ್ಲ.

ನಿಮ್ಮ ತಮ್ಮ, ಗೆಳತಿ, ಪ್ರೆಸ್ಸಿನವರು ಯಾರೂ ಸುಳ್ಳು ಹೇಳಿಲ್ಲ. ಅವರವರ ಫೈಲು ಕೊನೆಗೆ ಹೋಗಿ ಸೇರೋ ಜಾಗ ಬೇರೆ ಬೇರೆ, ಅಷ್ಟೇ. ತಮ್ಮನ ಫೈಲು ಪ್ರೋಗ್ರಾಮರ್ ಕೈಗೆ, ಗೆಳತಿಯದ್ದು ಫೋನಿನ ಪರದೆಗೆ, ನಿಮ್ಮದು ಮುಖ್ಯವಾಗಿ ಕಾಗದಕ್ಕೆ. ಹಾಗಾಗಿ ಕಾಗದದ ಕಡೆಯಿಂದಲೇ ಹೇಳ್ತೀನಿ.

ಯಾವ ಸಾಫ್ಟ್‌ವೇರ್ ಹಾಕಿದ್ರೂ ಮೊದಲು ಈ ಆರು ಪದ ಟೈಪ್ ಮಾಡಿ: ಲಕ್ಷ್ಮೀ, ರಾಷ್ಟ್ರ, ಸ್ತ್ರೀ, ಜ್ಞಾನ, ಸೂರ್ಯ, ರ‍್ಯಾಂಕ್. 'ರಾಷ್ಟ್ರ'ದಲ್ಲಿ ಟ-ಒತ್ತು, ರ-ಒತ್ತು ಎರಡೂ ಬಂದು ಕೂತಿರಬೇಕು. 'ಸೂರ್ಯ'ದಲ್ಲಿ ಅರ್ಕಾವೊತ್ತು ಯಕಾರದ ಬಲಕ್ಕೆ ಬರಬೇಕು, 'ರ‍್ಯಾಂಕ್'ನಲ್ಲಿ ರಕಾರ ಇಡಿಯಾಗಿ ನಿಂತು ಯ-ಒತ್ತು ಕೆಳಗೆ ಬರಬೇಕು. ಇವೆರಡರಲ್ಲೂ ಇರೋ ಅಕ್ಷರ ಅವೇ, ರೂಪ ಬೇರೆ, ಅದಕ್ಕೇ ಇವು ಒಳ್ಳೇ ಪರೀಕ್ಷೆ. ಎಲ್ಲಾದರೂ ಅಕ್ಷರ ಬಿಡಿಬಿಡಿಯಾಗಿ ನಡುವೆ ಹಲಂತದ ಕೊಕ್ಕೆ ಕಾಣಿಸಿದರೆ ಆ ಸಾಫ್ಟ್‌ವೇರಿಗೆ ಕನ್ನಡ ಜೋಡಿಸೋಕೆ ಬರಲ್ಲ ಅಂತ ತಿಳೀರಿ. ಅದರಲ್ಲಿ ಎಷ್ಟೇ ಚಂದದ ಟೆಂಪ್ಲೇಟ್ ಇರಲಿ, ಮುಚ್ಚಿಬಿಡಿ.

ನಿಮಗಾಗಿದ್ದು ಬೇರೆ ತೊಂದರೆ. ಒತ್ತು ಕೂಡಿದೆ, ಆದರೆ ಕತ್ತರಿಸಿದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಂತ ಮಾಡಿಟ್ಟ ಡಬ್ಬಿಯಲ್ಲಿ ಕನ್ನಡ ಹಾಕಿದಾಗ ಹೀಗಾಗುತ್ತೆ. ಇಂಗ್ಲಿಷಿನಲ್ಲಿ ಗೆರೆಯಿಂದ ಕೆಳಗೆ ಇಳಿಯೋದು ನಾಲ್ಕೈದು ಅಕ್ಷರದ ಬಾಲ ಮಾತ್ರ. ನಮ್ಮಲ್ಲಿ ಕೆಳಗೊಂದು ಪೂರ್ತಿ ಸಾಲೇ ಇದೆ. ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಟ್ಟು ನೋಡಿ, ಡಬ್ಬಿಯನ್ನೂ ಕೆಳಕ್ಕೆ ಎಳೆದು ದೊಡ್ಡದು ಮಾಡಿ. ಅಚ್ಚಿಗೆ ಕೊಡೋ ಮುಂಚೆ ಪಿಡಿಎಫ್ ತೆರೆದು 400 ಪರ್ಸೆಂಟ್ ಜೂಮ್ ಮಾಡಿ ಒತ್ತುಗಳನ್ನೇ ಒಂದು ಸಲ ಓದಿ. ನಾನು ಈಗಲೂ ಹಾಗೇ ಮಾಡೋದು.

ಬಣ್ಣಕ್ಕೆ ಬರ್ತೀನಿ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತೆ, ಅದು ಆರ್‌ಜಿಬಿ. ಪ್ರೆಸ್ಸು ನಾಲ್ಕು ಶಾಯಿಯಿಂದ ಮಾಡುತ್ತೆ, ಅದು ಸಿಎಂವೈಕೆ. ನಿಮ್ಮ ಗಿಣಿಹಸಿರು ಶಾಯಿಯಲ್ಲಿ ಇಲ್ಲವೇ ಇಲ್ಲ, ಹತ್ತಿರದ ಮಂಕು ಹಸಿರು ಬಂದು ಕೂತಿದೆ. ಮೊದಲಿಂದಲೇ ಸಿಎಂವೈಕೆಯಲ್ಲಿ ಕೆಲಸ ಮಾಡಿದ್ದರೆ ಇದು ಪರದೆ ಮೇಲೇ ಗೊತ್ತಾಗ್ತಿತ್ತು. ಇನ್ನೊಂದು, ಸಣ್ಣ ಅಕ್ಷರದ ಕಪ್ಪು ಬರೀ ಕಪ್ಪು ಶಾಯಿಯದ್ದೇ ಇರಲಿ. ಅಂದ್ರೆ ಕೆ 100, ಉಳಿದ ಮೂರೂ ಸೊನ್ನೆ. ನಾಲ್ಕೂ ಶಾಯಿ ಸೇರಿದ ಕಪ್ಪು ಹಾಕಿದರೆ, ಪ್ಲೇಟು ಕೂದಲೆಳೆ ಸರಿದರೂ ಒತ್ತಕ್ಷರದ ಸುತ್ತ ಕೆಂಪು-ನೀಲಿ ನೆರಳು ಬರುತ್ತೆ, ಒತ್ತಿನ ಒಳಗಿನ ಸಣ್ಣ ಸಂದು ತುಂಬಿ ಮಸಿ ಕಲೆ ಥರ ಕಾಣುತ್ತೆ.

ಇಷ್ಟನ್ನೂ ಕೋರೆಲ್‌ಡ್ರಾ ಮಾಡುತ್ತೆ, ಇಲ್ಲಸ್ಟ್ರೇಟರ್, ಇನ್‌ಡಿಸೈನೂ ಮಾಡುತ್ತವೆ. ನಮ್ಮ ಕಡೆ ಪ್ರೆಸ್ಸುಗಳಲ್ಲಿ ಕೋರೆಲ್ ಬೇರೂರಿದೆ, ಆದರೆ ಅದರ ಹಳೇ ಕಥೆ ಗೊತ್ತಿರಲಿ. ಮೊದಲೆಲ್ಲ ಅದರಲ್ಲಿ ಯೂನಿಕೋಡ್ ಕನ್ನಡ, ಅಂದ್ರೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಖ್ಯೆ ಇರೋ ಕನ್ನಡ ಅಕ್ಷರ, ಸರಿ ಕೂರ್ತಿರಲಿಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟುಗಳಲ್ಲಿ ಹೊಡೀತಿದ್ವಿ. ಒಳಗಡೆ ಇಂಗ್ಲಿಷ್ ಅಕ್ಷರದ ಸಂಖ್ಯೆ, ಮೇಲೆ ಕನ್ನಡದ ಚಿತ್ರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಸ. 2012ರಲ್ಲಿ ಬಂದ ಎಕ್ಸ್6 ಆವೃತ್ತಿಯಿಂದ ಕೋರೆಲ್ ಇಂಥ ಲಿಪಿಗಳನ್ನ ಜೋಡಿಸೋದು ಕಲಿತಿತು. ಅದೇ ವರ್ಷ ಇನ್‌ಡಿಸೈನ್ ಸಿಎಸ್6ರಲ್ಲೂ ಕನ್ನಡ ಸೇರಿ ಹತ್ತು ಭಾರತೀಯ ಭಾಷೆ ಬಂದವು. ನೀವು ಹೊಸದಾಗಿ ಶುರು ಮಾಡೋರು, ಯೂನಿಕೋಡಿನಲ್ಲೇ ಶುರು ಮಾಡಿ. ಹಳೇ ಫಾಂಟಿನ ಗೋಜು ಬೇಡ. ಫೋಟೋಶಾಪ್ ಫೋಟೋಗೆ ಇಟ್ಕೊಳ್ಳಿ, ಕಾರ್ಡಿನ ಅಕ್ಷರಕ್ಕಲ್ಲ.

ನನ್ನ ಮಾತು: ಕಾರ್ಡಿಗೂ ಬೋರ್ಡಿಗೂ ಕೋರೆಲ್. ಮೊದಲು ಟ್ರಯಲ್ ಹಾಕಿ ಕೈ ಕೂರುತ್ತಾ ನೋಡಿ. ಇನ್‌ಸ್ಟಾಗ್ರಾಂ ಪೋಸ್ಟಿಗೆ ಕ್ಯಾನ್ವಾ ಇರಲಿ, ದಿನಾ ಒಂದು ಪೋಸ್ಟು ಹಾಕೋಕೆ ಅದರಷ್ಟು ಬೇಗ ಇನ್ಯಾವುದೂ ಆಗಲ್ಲ. ಕ್ಯಾನ್ವಾದಲ್ಲಿ ಸಿಎಂವೈಕೆ ಪಿಡಿಎಫ್ ದುಡ್ಡು ಕೊಟ್ಟವರಿಗೆ ಮಾತ್ರ, ಅದು ನೆನಪಿರಲಿ.

ಒತ್ತಕ್ಷರ:

ಬೆಳ್ಳಂದೂರಿನಲ್ಲಿ ಆ್ಯಪ್ ಡಿಸೈನ್ ಮಾಡ್ತೀನಿ, ದಿನವಿಡೀ ಫಿಗ್ಮಾದಲ್ಲೇ ಇರ್ತೀನಿ. ಆದರೂ ನಿಮಗೆ ಫಿಗ್ಮಾ ಬೇಡ ಅಂತಲೇ ಹೇಳ್ತೀನಿ. ಅದರಲ್ಲಿ ಸಿಎಂವೈಕೆ ಇಲ್ಲ. ಅದು ಹುಟ್ಟಿದ್ದೇ ಪರದೆಗೋಸ್ಕರ. 2016ರಲ್ಲಿ ಎಲ್ಲರಿಗೂ ಸಿಕ್ಕಾಗ ಅದರ ದೊಡ್ಡ ಆಕರ್ಷಣೆ ಅಂದ್ರೆ ಬ್ರೌಸರಿನಲ್ಲೇ ಒಂದೇ ಫೈಲನ್ನ ನಾಲ್ಕು ಜನ ಒಟ್ಟಿಗೆ ತಿದ್ದಬಹುದು ಅನ್ನೋದು. ಅಲ್ಲೀತನಕ ನಮ್ಮಲ್ಲಿ ಸ್ಕೆಚ್ ಅನ್ನೋ ಸಾಫ್ಟ್‌ವೇರ್ ಇತ್ತು, ಅದು ಮ್ಯಾಕ್‌ನಲ್ಲಿ ಮಾತ್ರ. ಫೋಟೋಶಾಪ್, ಇಲ್ಲಸ್ಟ್ರೇಟರ್ ಮಾಡೋ ಅಡೋಬಿ ಕಂಪನಿ ಫಿಗ್ಮಾವನ್ನ 2000 ಕೋಟಿ ಡಾಲರಿಗೆ ಕೊಳ್ತೀನಿ ಅಂತ 2022ರಲ್ಲಿ ಹೊರಟು 2023ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಫಿಗ್ಮಾದ ಥರದ್ದೇ ಕೆಲಸಕ್ಕೆ ಅಡೋಬಿ ತಾನೇ ಮಾಡಿದ್ದ ಎಕ್ಸ್‌ಡಿಗೆ ಈಗ ಹೊಸದೇನೂ ಸೇರ್ತಿಲ್ಲ. ಹಾಗಾಗಿ ಎಕ್ಸ್‌ಡಿ ಕೋರ್ಸ್ ಯಾರಾದರೂ ಮಾರೋಕೆ ಬಂದರೆ ದುಡ್ಡು ಕೊಡಬೇಡಿ.

ಮುಂದೆ ಯಾವಾಗಲಾದರೂ ಆ್ಯಪ್, ವೆಬ್‌ಸೈಟಿನ ಕಡೆ ಬರೋ ಮನಸ್ಸಾದರೆ ಆಗ ಫಿಗ್ಮಾ ಕಲೀರಿ. ಬನ್ನಿ ಅಂತಲೇ ನನ್ನ ಆಸೆ. ಅಕ್ಷರದ ಬಗ್ಗೆ ಇಷ್ಟು ನೊಂದುಕೊಳ್ಳೋರು ನಮ್ಮ ಕಡೆ ಕಮ್ಮಿ. 'ನೆಕ್ಸ್ಟ್' ಅಂತ ಬರೆದು ಅಳತೆ ಮಾಡಿದ ಬಟನ್ನಿನೊಳಗೆ ಕೊನೆಗೆ 'ಮುಂದುವರಿಯಿರಿ' ತುರುಕ್ತಾರೆ. ಜಾಗ ಸಾಲದೆ ಫಾಂಟ್ ಚಿಕ್ಕದು ಮಾಡ್ತಾರೆ, ಓದೋರ ಕಣ್ಣಿಗೆ ಕಷ್ಟ. ನಾನು ಈಗ ಕನ್ನಡ ಪರದೆಯನ್ನೇ ಮೊದಲು ಬರೀತೀನಿ, ಆಮೇಲೆ ಇಂಗ್ಲಿಷ್. ಇಂಗ್ಲಿಷ್ ಅದರಲ್ಲಿ ಆರಾಮಾಗಿ ಹಿಡಿಯುತ್ತೆ.

ಮುಕ್ತಲಿಪಿ:

ದುಡ್ಡಿಲ್ಲದ ದಾರಿಯನ್ನ ಯಾರೂ ಹೇಳಿಲ್ಲ. ಇಂಕ್‌ಸ್ಕೇಪ್ ಪೂರ್ತಿ ಉಚಿತ, 8 ಜಿಬಿಯಲ್ಲಿ ಸಲೀಸಾಗಿ ಓಡುತ್ತೆ, ಮೇಲಿನ ಆರು ಪದವೂ ಸರಿಯಾಗಿ ಬರುತ್ತೆ. ಬಣ್ಣವನ್ನ ನಾಲ್ಕು ಶಾಯಿಗೆ ಬೇರ್ಪಡಿಸಿ ಪ್ರೆಸ್ಸಿಗೆ ಪಿಡಿಎಫ್ ಕೊಡೋಕೆ ಸ್ಕ್ರೈಬಸ್ ಇದೆ. ಅದರ 1.6 ಆವೃತ್ತಿಯಲ್ಲಿ ಕನ್ನಡ ಕೂರುತ್ತೆ. ಕಲಿಯೋಕೆ ಕೋರೆಲಿಗಿಂತ ಸ್ವಲ್ಪ ಹೆಚ್ಚು ತಾಳ್ಮೆ ಬೇಕು, ನಿಜ. ಅಫಿನಿಟಿ ಅನ್ನೋ ಇನ್ನೊಂದು ಡಿಸೈನ್ ಸಾಫ್ಟ್‌ವೇರನ್ನ 2025ರ ಅಕ್ಟೋಬರಿನಲ್ಲಿ ಕ್ಯಾನ್ವಾದವರು ಉಚಿತ ಮಾಡಿದರು ಅಂತ ಎಲ್ಲರೂ ಓಡ್ತಿದಾರೆ. ಅದರ ಹಳೇ ಆವೃತ್ತಿಗಳಲ್ಲಿ ನಮ್ಮ ಒತ್ತಕ್ಷರ ಕೂಡ್ತಿರಲಿಲ್ಲ, ಆರು ಪದದ ಪರೀಕ್ಷೆ ಮಾಡದೆ ಕೆಲಸ ಹಿಡೀಬೇಡಿ.

ಫಾಂಟಿಗೆ ಗೂಗಲ್ ಫಾಂಟ್ಸ್ ನೋಡಿ. ಅನೇಕ್ ಕನ್ನಡ ಬೋರ್ಡಿಗೆ ಚೆನ್ನ, ತೆಳು-ದಪ್ಪ ಬೇಕಾದ ಹಾಗೆ ಸಿಗುತ್ತೆ. ಬಾಲೂ ತಮ್ಮ ದುಂಡಗೆ, ನಾಮಕರಣದ ಕಾರ್ಡಿಗೆ ಒಪ್ಪುತ್ತೆ. ಸಂಸ್ಕೃತ ಶ್ಲೋಕ ಹಾಕೋದಿದ್ದರೆ ತಿರೋ ಕನ್ನಡ. ಗಿರಾಕಿ ಕೆಲಸಕ್ಕೆ ಬಳಸೋಕೆ ಯಾವ ಅಡ್ಡಿಯೂ ಇಲ್ಲ.

ಚುಕ್ಕಿರಂಗೋಲಿ:

ಮೂವರಿಗೂ ತುಂಬಾ ಥ್ಯಾಂಕ್ಸ್. ಮೊನ್ನೆ ರಾತ್ರಿ ಮಗಳು ಮಲಗಿದ ಮೇಲೆ ಕೂತು ಆರು ಪದ ಟೈಪ್ ಮಾಡಿದೆ. ಇಂಕ್‌ಸ್ಕೇಪಿನಲ್ಲಿ ಆರೂ ಸರಿ. ಕೋರೆಲ್ ಟ್ರಯಲ್‌ನಲ್ಲೂ ಸರಿ. ನನ್ನ ಹಳೇ ಫೋನ್ ಆ್ಯಪಿನಲ್ಲಿ ಒತ್ತುಗಳು ಕೂಡ್ತವೆ, ಆದರೆ 'ಲಕ್ಷ್ಮೀ'ಯ ಕೆಳಗಡೆ ಕಣ್ಣಿಗೆ ಕಾಣೋ ಹಾಗೆ ಚೂರು ಸವೆದಿದೆ. ಎರಡು ವರ್ಷ ಅದನ್ನ ನೋಡಿಯೂ ನೋಡಿರಲಿಲ್ಲ.

ಕೋರೆಲಿಗೆ ಈಗಲೇ ದುಡ್ಡು ಹಾಕೋಕೆ ಆಗಲ್ಲ. ಮೂರು ತಿಂಗಳು ಇಂಕ್‌ಸ್ಕೇಪಿನಲ್ಲಿ ಮಾಡಿ, ಪ್ರೆಸ್ಸಿಗೆ ಸ್ಕ್ರೈಬಸ್ಸಿನ ಪಿಡಿಎಫ್ ಕೊಡ್ತೀನಿ. ಪೋಸ್ಟಿಗೆ ಕ್ಯಾನ್ವಾ. ಬೇಕರಿ ಬೋರ್ಡಿಗೆ ಅಕ್ರಿಲಿಕ್ ಅಕ್ಷರ ಕತ್ತರಿಸಿ ಹಾಕಬೇಕಂತೆ. ಅದಕ್ಕೆ ಇಂಕ್‌ಸ್ಕೇಪ್ ಫೈಲ್ ನಡೆಯುತ್ತಾ?

ಸುಲ್ತಾನ್‌ಪೇಟೆ ಡಿಟಿಪಿ:

ನಡೆಯುತ್ತೆ. ಇಂಕ್‌ಸ್ಕೇಪ್ ನಾನು ಮುಟ್ಟಿಲ್ಲ, ಆದರೆ ಕತ್ತರಿಸೋ ಮಿಷನ್ನಿಗೆ ಬೇಕಾಗಿರೋದು ಗೆರೆ ಮಾತ್ರ. ಅಕ್ಷರಗಳನ್ನ ಗೆರೆಯಾಗಿ ಬದಲಾಯಿಸಿದ ಮೇಲೆ ಒಂದು ಕೆಲಸ ಮರೀಬೇಡಿ. ಫಾಂಟಿನಲ್ಲಿ ಕಾಗುಣಿತದ ಚಿಹ್ನೆ ಮೂಲ ಅಕ್ಷರದ ಮೇಲೆ ಚೂರು ಏರಿ ಕೂತಿರುತ್ತೆ. ಕಣ್ಣಿಗೆ ಒಂದೇ ಆಕಾರ, ಮಿಷನ್ನಿಗೆ ಎರಡು. ಹಾಗೇ ಕೊಟ್ಟರೆ 'ಗಾ'ದ ದೀರ್ಘ ಅಂಟಿರೋ ಜಾಗದಲ್ಲೇ ಸೀಳಿ ಬರುತ್ತೆ. ಎರಡನ್ನೂ ಬೆಸೆದು ಒಂದೇ ಗೆರೆ ಮಾಡಬೇಕು. ಕೋರೆಲಿನಲ್ಲಿ ಅದಕ್ಕೆ ವೆಲ್ಡ್ ಅಂತೀವಿ.

ಮುಕ್ತಲಿಪಿ:

ಇಂಕ್‌ಸ್ಕೇಪಿನಲ್ಲಿ ಪಾತ್ ಮೆನುವಿನೊಳಗೆ ಯೂನಿಯನ್. ಅದೇ ಕೆಲಸ.

ಸುಲ್ತಾನ್‌ಪೇಟೆ ಡಿಟಿಪಿ:

ಸರಿ ಹಾಗಾದ್ರೆ. 'ಅಯ್ಯಂಗಾರ್'ನಲ್ಲಿ ಯ-ಒತ್ತು ಬೇರೆ ತುಂಡಾಗೇ ಬರುತ್ತೆ, ಸೊನ್ನೆಯೂ ಅಷ್ಟೆ. ಅಂಟಿಸೋ ಹುಡುಗರು ಅಂದಾಜಿಗೆ ಅಂಟಿಸ್ತಾರೆ, ಒತ್ತು ಎಲ್ಲೋ ಹೋಗಿ ಕೂರುತ್ತೆ. ಅದಕ್ಕೇ ಇಡೀ ಹೆಸರನ್ನ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆಸಿ ಜೊತೆಗೆ ಕೊಡಿ, ಅದನ್ನ ಬೋರ್ಡಿನ ಮೇಲೆ ಹಾಸಿ ಗುರುತು ಮಾಡ್ಕೊಂಡು ಅಂಟಿಸಲಿ. ಇಂಗ್ಲಿಷ್ ಹೆಸರೂ ಹಾಕೋದಾದರೆ ಕಾನೂನಿನ ಪ್ರಕಾರ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅಳತೆ ಹಾಕೋವಾಗಲೇ ಅದನ್ನ ಲೆಕ್ಕಕ್ಕೆ ತಗೊಳ್ಳಿ. ಫೈಲ್ ಆದಮೇಲೆ ಇಲ್ಲಿ ಒಂದು ಚಿತ್ರ ಹಾಕಿ, ಕತ್ತರಿಸೋಕೆ ಕೊಡೋ ಮುಂಚೆ ಒಂದು ಸಲ ಒತ್ತುಗಳನ್ನ ನೋಡಿ ಹೇಳ್ತೀನಿ.